ಕೃಷ್ಣಬಿಲಕ್ಕೆ ಹೂವು

ನಮ್ಮ ವಿಜ್ಞಾನದ ಮೇಷ್ಟ್ರ ತೋರುಬೆರಳಿನಲ್ಲಿ ಒಂದು ಸಣ್ಣ ಗೀರಿತ್ತು. ಚಿಕ್ಕಂದಿನಲ್ಲಿ ಮನೆಯ ಮಗ್ಗದಲ್ಲಿ ರೇಷ್ಮೆ ಎಳೆ ಎಳೆದೆಳೆದು ಕೊರೆದದ್ದು. ಪಾಠ ಮುಗಿಯುವ ಹೊತ್ತಿಗೆ ಅದರಲ್ಲಿ ಸೀಮೆಸುಣ್ಣ ತುಂಬಿ ಬೆಳ್ಳಗಾಗುತ್ತಿತ್ತು. ಮೊಳಕಾಲ್ಮೂರಿನ ನಮಗೆಲ್ಲ ಆಕಾಶ ತೋರಿಸಿದ್ದು ಆ ಬೆರಳು.

ಕಪ್ಪುರಂಧ್ರ ಎಂಬ ಮಾತನ್ನು ಅವರಿಂದ ಕಲಿತ ಮೇಲೆ ನಾವು ಸುಮ್ಮನಿರಲಿಲ್ಲ. ಬಿಸಿಯೂಟದಲ್ಲಿ ಮೂರು ಸಲ ಸಾರು ಹಾಕಿಸಿಕೊಳ್ಳುವವನ ಹೊಟ್ಟೆ ಕಪ್ಪುರಂಧ್ರ, ಇಸಿದುಕೊಂಡ ಪುಸ್ತಕ ವಾಪಸ್ ಕೊಡದ ಗೆಳತಿಯ ಚೀಲ ಕಪ್ಪುರಂಧ್ರ. ಮೇಷ್ಟ್ರಿಗೆ ಇದು ಸೇರುತ್ತಿರಲಿಲ್ಲ.

"ಲೇ, ಅದು ತೂತಲ್ಲ ಕಣ್ರೋ. ತೂತಾಗಿದ್ರೆ ಆ ಕಡೆಯಿಂದ ಹೊರಗೆ ಬರ್ತಿತ್ತು. ಅದು ಭಾರ. ಎಷ್ಟು ಭಾರ ಅಂದ್ರೆ, ಒಳಗೆ ಹೋದ ಬೆಳಕೂ ತಿರುಗಿ ಬರಲ್ಲ."

ಆ ಮಾತನ್ನು ತಪ್ಪಾಗಿ ಆಡಿದವರು ಬೋರ್ಡಿನ ಮೇಲೆ ‘ತೂತಲ್ಲ, ಭಾರ’ ಎಂದು ಬರೆಯಬೇಕಿತ್ತು. ಹೆಚ್ಚು ಸಲ ಬರೆದವಳು ನಾನೇ; ನನ್ನ ಬಾಯಿ ಅಂಥದ್ದು.

ಪತ್ರಿಕೆಯಲ್ಲಿ ಕಪ್ಪುರಂಧ್ರದ ಚಿತ್ರ ಬಂದಾಗ, ಉದ್ದಿನವಡೆಯಂಥ ಆ ಕೆಂಪು ಉಂಗುರವನ್ನು ಮೇಷ್ಟ್ರು ಕತ್ತರಿಸಿ ಮಗ್ಗದ ಪಕ್ಕದ ಗೋಡೆಗೆ ಅಂಟಿಸಿದರು. ನೇಯುತ್ತಿದ್ದ ಅವರ ಹೆಂಡತಿ, ನಮಗೆಲ್ಲ ಅಕ್ಕ, ಏನದು ಎಂದು ಕೇಳಿದರು. ಅವರ ಮನೆಮಾತು ತೆಲುಗು. ತೆಲುಗಿನಲ್ಲಿ ಅದಕ್ಕೆ ಕೃಷ್ಣಬಿಲಂ ಎನ್ನುತ್ತಾರೆ. ಮೇಷ್ಟ್ರು ಹಾಗೆಂದದ್ದೇ ತಡ, ಅಕ್ಕ ಕೈಮುಗಿದು "ಎಕ್ಕಡುಂದಿ? ಮನಮೂ ಪೋದಾಂ" ಎಂದರಂತೆ. ಎಲ್ಲಿದೆ, ನಾವೂ ಹೋಗೋಣ ಎಂದು. ಕೃಷ್ಣನ ಗುಹೆ ಎಂದುಕೊಂಡಿದ್ದರು. ಮರುದಿನ ಇದನ್ನು ತರಗತಿಯಲ್ಲಿ ಹೇಳುತ್ತ ಮೇಷ್ಟ್ರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಅದಾಗಿ ಒಂದೆರಡು ವರ್ಷಕ್ಕೆ ಅವರ ಒಬ್ಬಳೇ ಮಗಳು ಪರೀಕ್ಷೆಗೆಂದು ಚಳ್ಳಕೆರೆಯ ಬಸ್ಸು ಹತ್ತಿದಳು. ಪರೀಕ್ಷೆಗೂ ಹೋಗಲಿಲ್ಲ, ಮನೆಗೂ ಬರಲಿಲ್ಲ. ಮೇಷ್ಟ್ರು ಪ್ರತಿ ಭಾನುವಾರ ಫೋಟೊ ಹಿಡಿದು ಚಳ್ಳಕೆರೆ ಬಸ್ ನಿಲ್ದಾಣದಲ್ಲಿ ನಿಂತರು, ಪರಶುರಾಂಪುರದವರೆಗೂ ಹೋಗಿ ಕೇಳಿದರು. ಯಾರೂ ಕಂಡಿರಲಿಲ್ಲ.

ಕೆಲವು ತಿಂಗಳಾದ ಮೇಲೆ ಅಕ್ಕ ಆ ಚಿತ್ರಕ್ಕೆ ದಿನವೂ ಹೂ ಮುಡಿಸತೊಡಗಿದರು. "ಒಳಗೆ ಹೋದೋರು ಹೊರಗಿನೋರಿಗೆ ಕಾಣಲ್ಲ ಅಂತ ಇವರೇ ಹೇಳಿದ್ರು. ಹುಡುಗಿ ಅಲ್ಲೇ ಐತೆ," ಎನ್ನುತ್ತಿದ್ದರು.

ನಾನು ತಡೆಯಲಾರದೆ ಒಮ್ಮೆ ಕೇಳಿಯೇಬಿಟ್ಟೆ. "ಸಾರ್, ನಮ್ಮನ್ನೆಲ್ಲ ತಿದ್ದಿದ್ರಿ. ಅಕ್ಕಂಗೆ ಹೇಳಲ್ವಾ?"

ಮೇಷ್ಟ್ರು ಬೆರಳಿನ ಗೀರನ್ನು ಉಗುರಿನಿಂದ ಕೆರೆಯುತ್ತ ಕೂತಿದ್ದರು. "ಏನಂತ ಹೇಳ್ಲಮ್ಮ? ಊರಿಗೆಲ್ಲ ನಮ್ಮ ಹುಡುಗಿ ಇಲ್ಲ. ನಿಮ್ಮ ಅಕ್ಕ ತಪ್ಪು ತಿಳ್ಕೊಂಡಿರೋದ್ರಲ್ಲಿ ಮಾತ್ರ ಎಲ್ಲೋ ಐತೆ." ಕೆರೆಯುವುದನ್ನು ನಿಲ್ಲಿಸಿ ಅಂದರು: "ಭಾರ ಭಾರ ಅಂತ ನಿಮಗೆ ಹೇಳ್ತಿದ್ದೆನಲ್ಲ, ಬರೀ ಬಾಯಲ್ಲಿ ಹೇಳ್ತಿದ್ದೆ."

ಕೇಳಬಾರದಿತ್ತು. ಆ ನಾಚಿಕೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಹೋದ ವರ್ಷ ಮೇಷ್ಟ್ರು ತೀರಿಕೊಂಡರು. ಅವತ್ತೂ ಭಾನುವಾರ; ಚಳ್ಳಕೆರೆಗೆ ಹೊರಡಲು ಚಪ್ಪಲಿ ಮೆಟ್ಟಿದ್ದರು. ನಾನೀಗ ಓಣಿಯ ಮಕ್ಕಳಿಗೆ ಅವರದೇ ಪಾಠ ಹೇಳಿಕೊಡುತ್ತೇನೆ. ಅವರು ತೀರಿಕೊಂಡ ಹನ್ನೊಂದನೆಯ ದಿನ ಮನೆಗೆ ಹೋದಾಗ ಅಕ್ಕ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯದೆ ಕೂತಿದ್ದರು.

"ಇವರೂ ಅಲ್ಲಿಗೇ ಹೋದ್ರೇನಮ್ಮ?"

"ಹೂಂ ಅಕ್ಕ."

"ಹುಡುಗಿ ಸಿಗ್ತಾಳಾ ಇವರಿಗೆ?"

"ಸಿಗ್ತಾಳೆ."

"ಇಬ್ರೂ ಯಾವತ್ತು ತಿರುಗಿ ಬರ್ತಾರೆ?"

ಅದಕ್ಕೆ ಮೇಷ್ಟ್ರು ನನಗೆ ಕಲಿಸಿದ ಉತ್ತರ ಒಂದೇ. ಚಿತ್ರದ ಹೂ ಬಾಡಿತ್ತು. ಬೇರೆ ತರ್ತೀನಿ ಎಂದು ಹೇಳಿ ಎದ್ದುಬಂದೆ.