ಗೇಟಿನ ಬೀಗದ ಪ್ರಶ್ನೆ

"ನಿಮ್ಮನೆ ಗೇಟಿಗೆ ಎಷ್ಟು ಗಂಟೆಗೆ ಬೀಗ ಹಾಕ್ತೀರಿ?"

ಫೋನಿನಲ್ಲಿ ಆ ವೃದ್ಧೆ ಹಿಂದಿಯಲ್ಲಿ ಕೇಳಿದಾಗ ತಡವರಿಸಿದೆ. ಪ್ರಶ್ನೆ ಕೇಳಬೇಕಾದವಳು ನಾನಲ್ಲವೇ? ಬೆಹಾಲಾ ಬಡಾವಣೆಯ ನಮ್ಮ ಮಹಡಿ ಕೋಣೆಯನ್ನು ಬಾಡಿಗೆಗೆ ಕೇಳಿದ್ದ ಹಾಸನದ ಸಾಫ್ಟ್‌ವೇರ್ ಹುಡುಗಿ ಎಂಥವಳೆಂದು ವಿಚಾರಿಸಲು, ಅವಳ ಹಿಂದಿನ ಮನೆಯೊಡತಿಗೆ ಫೋನ್ ಮಾಡಿದ್ದೆ. ಆಕೆಯ ಹಳೇ ಮನೆ ಕೆಡವಿ ಫ್ಲ್ಯಾಟ್ ಕಟ್ಟುವವರಿದ್ದುದರಿಂದ ಹುಡುಗಿ ಬೇರೆ ಕೋಣೆ ಹುಡುಕುತ್ತಿದ್ದಳು.

"ಹತ್ತಕ್ಕೆ," ಎಂದೆ.

"ಅವಳ ಆಫೀಸ್ ಕಾರು ಬರೋದೇ ಹನ್ನೊಂದಕ್ಕೆ. ಇಲ್ಲಿ ನಾನು ಕಾದಿದ್ದು ತೆಗೀತಿದ್ದೆ. ಅಲ್ಲಿ ಯಾರು ತೆಗೀತಾರೆ?"

"ನಾನೇ ತೆಗೀತೀನಿ," ಎಂದುಬಿಟ್ಟೆ. ಆಕೆಯ ದನಿ ಹಗುರವಾಯಿತು.

ಎರಡು ವರ್ಷ ನಮ್ಮಲ್ಲಿದ್ದು ಹುಡುಗಿ ಅದೇ ಊರಿನ ಟಾಲಿಗಂಜ್ ಬಡಾವಣೆಗೆ ಹೊರಟಳು. ಅಲ್ಲಿನ ಮನೆಯವರು ಅವಳ ಬಗ್ಗೆ ವಿಚಾರಿಸಲು ಫೋನ್ ಮಾಡಿದರು. ಅವರು ಬಾಯಿ ತೆರೆಯುವ ಮೊದಲೇ ನಾನು ಕೇಳಿದ್ದು, ಗೇಟಿಗೆ ಎಷ್ಟು ಗಂಟೆಗೆ ಬೀಗ ಹಾಕುತ್ತೀರಿ ಎಂದು.