ನರ್ಸಕ್ಕನ ಅಳಿಲು ಮರಿ

ಮೊನ್ನೆ ಸಾಗರದ ಪೇಟೆಯಲ್ಲಿ ಮಳೆಗೆ ಸಿಕ್ಕಿ ಎಲೆ ಅಡಿಕೆ ಅಂಗಡಿಯೊಂದರ ತಗಡಿನ ಕೆಳಗೆ ನಿಂತಿದ್ದೆ. ಅಂಗಡಿಯವ ಹೊಗೆಸೊಪ್ಪಿನ ಕಟ್ಟು ಬಿಚ್ಚಿದ. ಆ ಘಾಟು ಮೂಗಿಗೆ ಬಡಿದದ್ದೇ ತಡ, ನರ್ಸಕ್ಕ ನೆನಪಾದರು…

ಹೊಸನಗರದಲ್ಲಿ ಅವರದು ನಮ್ಮ ಪಕ್ಕದ ಮನೆ. ಆಸ್ಪತ್ರೆಯಲ್ಲಿ ನರ್ಸ್, ಒಬ್ಬರೇ ಇದ್ದರು. ಅವರನ್ನು ಕಂಡರೆ ಬೀದಿಯ ಮಕ್ಕಳೆಲ್ಲ ಇಂಜೆಕ್ಷನ್ ಹೆದರಿಕೆಗೆ ಓಟ ಕೀಳುತ್ತಿದ್ದೆವು. ಸಂಜೆಯಾದರೆ ಮಾತ್ರ ಅವರ ಅಡುಗೆಮನೆಯಲ್ಲೇ ನಮ್ಮ ಠಿಕಾಣಿ. ಒಲೆಕಟ್ಟೆಯ ಕೆಳಗಿದ್ದ ಚಪ್ಪಲಿ ಡಬ್ಬಿಗಳಲ್ಲಿ ಗೂಡಿನಿಂದ ಬಿದ್ದ ಅಳಿಲು ಮರಿ, ರೆಕ್ಕೆ ಮುರಿದ ಪಿಕಳಾರ, ಒಮ್ಮೆ ಒಂದು ಬಾವಲಿಯೂ ಇತ್ತು. ಇಂಕ್ ಫಿಲ್ಲರಿನಲ್ಲಿ ಅವಕ್ಕೆ ಹಾಲು ಕುಡಿಸುತ್ತಿದ್ದರು. ಮಕ್ಕಳನ್ನು ಚುಚ್ಚಿದ ಪಾಪವನ್ನು ಹೀಗೆ ತೊಳೆದುಕೊಳ್ಳುತ್ತಾರೆ ಎಂದು ಅಪ್ಪ ಛೇಡಿಸುತ್ತಿದ್ದರು.

ನಾನು ಹೈಸ್ಕೂಲಿನಲ್ಲಿದ್ದಾಗ ಕವಲೇದುರ್ಗದ ಬುಡದಲ್ಲಿ ಹುಡುಗಿಯರ ಕ್ಯಾಂಪ್ ನಡೆಯಿತು. ಔಷಧಿ ನೋಡಿಕೊಳ್ಳಲು ನರ್ಸಕ್ಕನೂ ಬಂದರು. ಜೊತೆಗೆ ಇನ್ನೂ ಕಣ್ಣು ಬಿಡದ ಒಂದು ಅಳಿಲು ಮರಿ. ಗಳಿಗೆಗೊಮ್ಮೆ ಹಾಲು ಬೇಕಾದ ಜೀವವನ್ನು ಯಾರ ಕೈಗೆ ಒಪ್ಪಿಸಿ ಬರುವುದು? ಬಟ್ಟೆಯ ಚೀಲದಲ್ಲಿಟ್ಟು ಎದೆಗೆ ಕಟ್ಟಿಕೊಂಡೇ ಬಂದಿದ್ದರು. ರಕ್ತ ಹೀರುವ ಕಾಡಿನ ಜಿಗಣೆ, ಇಂಬಳ, ಹತ್ತದಿರಲಿ ಎಂದು ಹಳೆ ಸೀರೆ ಹರಿದು, ಹೊಗೆಸೊಪ್ಪು ಕುದಿಸಿದ ನೀರಲ್ಲಿ ಅದ್ದಿ, ಒಣಗಿಸಿದ ಪಟ್ಟಿಗಳನ್ನು ನಮ್ಮ ಕಾಲಿಗೆಲ್ಲ ಕಟ್ಟಿದರು.

ಮಧ್ಯಾಹ್ನ ಗಾಳಿ ಮಳೆಗೆ ಟೆಂಟು ಕಿತ್ತುಹೋಯಿತು. ಹಾಸಿಗೆ, ಚೀಲ, ನರ್ಸಕ್ಕನ ಸೀರೆ ಎಲ್ಲ ತೊಪ್ಪೆ. ಮರಿ ಗಡಗಡ ನಡುಗುತ್ತಿತ್ತು. ಔಷಧಿ ಡಬ್ಬಿಯಲ್ಲಿ ಉಳಿದಿದ್ದ ಪಟ್ಟಿಗಳಷ್ಟೇ ಒಣಗಿದ್ದವು. ಆ ಗಡಿಬಿಡಿಯಲ್ಲಿ ಅವರು ಅವನ್ನೇ ಎಳೆದು ಮರಿಗೆ ಸುತ್ತಿದರು, ಸುತ್ತಿ ಎದೆಗೊತ್ತಿಕೊಂಡರು. ನಾವು ಟೆಂಟು ಮತ್ತೆ ನಿಲ್ಲಿಸುವಷ್ಟರಲ್ಲಿ ಮರಿ ಕೈಕಾಲು ಸೆಟೆದು ಒದ್ದಾಡಿ ಸುಮ್ಮನಾಯಿತು.

ನರ್ಸಕ್ಕ ಆ ಬಟ್ಟೆಯನ್ನು ಮೂಗಿಗೆ ಹಿಡಿದರು. ಆ ಮುಖವನ್ನು ನಾನು ಮರೆತಿಲ್ಲ. ಎಳೆ ಚರ್ಮಕ್ಕೆ ಹೊಗೆಸೊಪ್ಪಿನ ವಿಷ ಇಳಿದಿತ್ತೆಂದು ನಮಗೂ ಗೊತ್ತಾಯಿತು. ಟೀಚರುಗಳು ಮಳೆ ನೋಡುತ್ತ ನಿಂತರು, ನಾವು ಟೀಚರುಗಳ ಮುಖ ನೋಡಿದೆವು. ಮತ್ತಿಮರದ ಬುಡದಲ್ಲಿ ಅದನ್ನು ಮಣ್ಣು ಮಾಡಿ ಬಂದು, ಅವರು ನಮ್ಮ ಒದ್ದೆ ತಲೆ ಒರೆಸತೊಡಗಿದರು.

ಊರಿಗೆ ಬಂದ ಮೇಲೆ ಚಪ್ಪಲಿ ಡಬ್ಬಿಗಳೆಲ್ಲ ಒಲೆ ಸೇರಿದವು. ಮುಂದಿನ ಬೇಸಿಗೆಯಲ್ಲಿ ನಾನೊಂದು ಪಿಕಳಾರದ ಮರಿ ಎತ್ತಿಕೊಂಡು ಓಡಿದರೆ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡುಬಿಟ್ಟರು.

"ನಂಗೆ ಕೊಡ್ಬೇಡ ಮಾರಾಯ್ತಿ. ನನ್ ಕೈ ಆಗ್ಬರಲ್ಲ."

ದಿನ ಕಳೆದರೆ ಸರಿಹೋಗುತ್ತಾರೆ ಎಂದಳು ಅಮ್ಮ. ಸರಿಹೋಗಲಿಲ್ಲ. ಆಸ್ಪತ್ರೆಯಲ್ಲಿ ಹಸುಗೂಸುಗಳನ್ನು ಎತ್ತಿ ಆಡಿಸಿದ ಅದೇ ಕೈ ಮತ್ತೆಂದೂ ಒಂದು ಅಳಿಲನ್ನು ಮುಟ್ಟಲಿಲ್ಲ…

ಕಳೆದ ಮಳೆಗಾಲ ಕಾಯಿಲೆ ಬಿದ್ದು ಸಾಗರದ ತಮ್ಮನ ಮನೆಗೆ ಬಂದಿದ್ದಾರೆಂದು ತಿಳಿದು ನೋಡಲು ಹೋಗಿದ್ದೆ. ಅದೂ ಇದೂ ಮಾತಾಡುತ್ತಿದ್ದವರು ಇದ್ದಕ್ಕಿದ್ದಂತೆ ಅಂದರು: "ಅವತ್ತು ಅಷ್ಟ್ ಜನ ಇದ್ರಿ. ಚಳಿಗೆ ಸತ್ತಿದ್ದು ಅಂತ ಒಬ್ರಾದ್ರೂ ಹೇಳ್ಲಿಲ್ಲ."

ಯಾವುದರ ಮಾತೆಂದು ನಾನು ಕೇಳಬೇಕಾಗಲಿಲ್ಲ. "ಚಳಿಗೇ ಸತ್ತಿದ್ದು, ನರ್ಸಕ್ಕ" ಅಂದೆ.

ಅವರು ಸ್ವಲ್ಪ ನಕ್ಕರು. "ಸುಳ್ಳು ಹೇಳಕ್ಕೆ ಇಷ್ಟು ವರ್ಷ ಬೇಕಾಯ್ತನೇ ನಿಂಗೆ?"

ಅದಾಗಿ ಸ್ವಲ್ಪ ದಿನಕ್ಕೆ ತೀರಿಕೊಂಡರು.

ಮೊನ್ನೆ ಮಳೆ ನಿಂತ ಮೇಲೂ ನಾನು ಆ ಅಂಗಡಿಯ ಮುಂದೆ ನಿಂತೇ ಇದ್ದೆ. ಸೂಜಿ ಚುಚ್ಚುವಾಗಲೆಲ್ಲ "ನೋವಾಗಲ್ಲ ಪುಟ್ಟಿ" ಎಂದು ಬೀದಿಯ ಅಷ್ಟೂ ಮಕ್ಕಳಿಗೆ ಸುಳ್ಳು ಹೇಳಿದವರು ಅವರು. ಅವರಿಗೆ ನೋವಾದ ದಿನ ಅಷ್ಟು ಜನ ಸುತ್ತ ನಿಂತಿದ್ದೆವು, ಒಂದು ಸುಳ್ಳು ಹೇಳುವವರಿರಲಿಲ್ಲ.