ಅತನೂರಿನ ಮಾಳಿಗೆಯ ಮೇಲೆ ಹಾಡಿನ ವಾಯರು

ಸೂರ್ಯ ಇನ್ನೂ ಮೂಡಿಲ್ಲ. ಅತನೂರಿನ ಬಸವಂತರಾಯರ ವಾಡೆಯ ಮಾಳಿಗೆಯ ಮೇಲೆ ಬೀರಲಿಂಗಪ್ಪ ಕುಕ್ಕರಗಾಲಲ್ಲಿ ಕೂತು ಹಲ್ಲಿನಿಂದ ವಾಯರು ಸುಲಿಯುತ್ತಿದ್ದಾರೆ. ಕೆಳಗೆ ಪಡಸಾಲೆಯಲ್ಲಿ ಒಂದೇ ಒಂದು ರೇಡಿಯೋ. ಅದರಿಂದ ಹೊರಟ ವಾಯರು ಮಾಳಿಗೆ ಹತ್ತಿ, ಬೆಳಕಿಂಡಿಗಳಲ್ಲಿ ಇಳಿದು, ಸ್ಪೀಕರ್ ಕೂರಿಸಿದ ಮೂರು ಕಟ್ಟಿಗೆ ಡಬ್ಬಿಗಳಿಗೆ ಸೇರುತ್ತದೆ. ಗುಲಬರ್ಗಾ ಕೇಂದ್ರ ಶುರುವಾದರೆ ಅಂಗಳದ ಆಚೆ ಈಚೆ ಇರುವ ಇಬ್ಬರು ಸೊಸೆಯರ ಅಡುಗೆಮನೆಗಳಲ್ಲೂ, ಸೊಂಟ ಮುರಿದು ಮಲಗಿರುವ ಅತ್ತೆ ಸುಂದರಬಾಯಿಯ ಕೋಣೆಯಲ್ಲೂ ಅದೇ ಹಾಡು.

ಬೀರಲಿಂಗಪ್ಪನವರಿಗೆ ನಲವತ್ತೊಂದು ವರ್ಷ. ಕುರಿ ಕಾಯುವ ಮನೆತನ, ನಾಲ್ಕನೇ ಇಯತ್ತೆಯ ಓದು. ಅಫಜಲಪುರದ ರೇಡಿಯೋ ಅಂಗಡಿಯೊಂದರಲ್ಲಿ ಆರು ವರ್ಷ ಬೆಸುಗೆ ಕಲಿತರು. ಟೀವಿ ಎರಡೇ ಮನೆಗಳಲ್ಲಿರುವ ಅತನೂರಿನಲ್ಲೂ ಪಕ್ಕದ ಕರಜಗಿಯಲ್ಲೂ ಹತ್ತೊಂಬತ್ತು ಮನೆಗಳಿಗೆ ಇವರದೇ ಡಬ್ಬಿ. ನಾನು ಕಣ್ಣಾರೆ ನೋಡಿದ್ದು ಹದಿನಾಲ್ಕು. ದಿನಕ್ಕೆ ನಾಲ್ಕೈದು ಮಾಳಿಗೆ ಹತ್ತುತ್ತಾರೆ. ಮಂಗಗಳು ವಾಯರಿಗೆ ಜೋತುಬೀಳುತ್ತವೆ. ಎರಡು ವರ್ಷದ ಹಿಂದೆ ಜಾರಿ ಬಿದ್ದ ಮೇಲೆ ಎಡ ಮೊಣಕೈ ಪೂರ್ತಿ ಮಡಚುವುದಿಲ್ಲ.

ಅದಕ್ಕೂ ಅಂಜದವರನ್ನು ಈ ವಾರ ಪುಂಡಿಪಲ್ಯ ಕಂಗೆಡಿಸಿದೆ. ರೇಡಿಯೋ ಬಂದ್ ಇದ್ದಾಗ ಹಿರಿಯ ಸೊಸೆ ಕಸ್ತೂರಿಬಾಯಿ ಡಬ್ಬಿಯ ಕೆಳಗೆ ರೊಟ್ಟಿ ಬಡಿಯುತ್ತ, "ಅಕಿ ಮಾಡೋ ಪುಂಡಿಪಲ್ಯ ಎಮ್ಮಿನೂ ಮೂಸಂಗಿಲ್ಲ" ಅಂದರಂತೆ. ಮಾತು ಕಿರಿಯ ಸೊಸೆ ಶಿವಕಾಂತಾ ಅವರ ಡಬ್ಬಿಯಿಂದ ಸಣ್ಣಗೆ, ಆದರೆ ಸ್ಪಷ್ಟವಾಗಿ ಹೊರಬಂತು. ಜಗಳವಾಯಿತು. ಇಬ್ಬರೂ ಒಪ್ಪಿದ್ದು ಒಂದೇ ಮಾತಿಗೆ: ವಾಯರು ಕಿತ್ತು ಒಯ್ಯಬೇಕು. ಕಿತ್ತರೆ ಸುಂದರಬಾಯಿಗೆ ಹಾಡಿಲ್ಲ. ಸುದ್ದಿ ಹಬ್ಬಿದರೆ ಉಳಿದ ಮನೆಗಳೂ ಬೀರಲಿಂಗಪ್ಪನವರ ಕೈಬಿಡುತ್ತವೆ.

"ತಪ್ಪು ನಂದೇ ರೀ," ಎನ್ನುತ್ತಾರೆ ಅವರು. "ಸ್ಪೀಕರ್ ಮಾತಾಡ್ತದ ಅಂತ ಗೊತ್ತಿತ್ತು. ಅದು ಕೇಳಸ್ಕೋತದ ಅಂತ ಖ್ಯಾಲನೇ ಬರಲಿಲ್ಲ. ರೇಡಿಯೋ ಬಂದ್ ಆದ್ರ ಡಬ್ಬಿಗೋಳು ತಮ್ಮತಮ್ಮೊಳಗ ಮಾತಿಗಿ ಕುಂದರ್ತಾವು."

ಇಂದಿನ ಕೆಲಸ ಅದಕ್ಕೇ. ಪ್ರತಿ ಡಬ್ಬಿಗೂ ಬೇರೆ ವಾಯರು ಎಳೆದಿದ್ದಾರೆ. ರೇಡಿಯೋ ಬಂದ್ ಮಾಡುವ ಗುಂಡಿ ತಿರುಗಿಸಿದೊಡನೆ ಮೂರೂ ಡಬ್ಬಿಗಳ ನಡುವಿನ ಸಂಪರ್ಕ ಕಡಿಯುತ್ತದೆ. ಕೆಳಗಿಳಿದು ಗುಂಡಿ ತಿರುಗಿಸಿ, ಕಸ್ತೂರಿಬಾಯಿಯವರನ್ನು ಡಬ್ಬಿಯ ಮುಂದೆ ನಿಲ್ಲಿಸುತ್ತಾರೆ.

"ಬೈರಿ ಅಕ್ಕೋರ."

"ಯಾರಿಗಿ?"

"ಮೊನ್ನಿ ನೀವು ಬೈದೋರಿಗೇ. ಸುಳ್ಳ ಸುಳ್ಳ ಬ್ಯಾಡ್ರಿ, ಮನಸು ತುಂಬ ಬೈರಿ."

ಕಸ್ತೂರಿಬಾಯಿ ಸೆರಗು ಸಿಕ್ಕಿಸಿ ಶುರುಮಾಡುತ್ತಾರೆ. ಮುಗಿಯಲು ಬಹಳ ಹೊತ್ತು ಹಿಡಿಯುತ್ತದೆ. ಅಂಗಳದಾಚೆ ಶಿವಕಾಂತಾ ಡಬ್ಬಿಗೆ ಕಿವಿ ಒತ್ತಿ ನಿಂತಿದ್ದಾರೆ.

"ಏನೂ ಕೇಳವಲ್ದು," ಎನ್ನುತ್ತಾರೆ, ತುಸು ನಿರಾಸೆಯಿಂದಲೇ. "ಇರ್ಲಿ ಬಿಡು, ವಾಯರ್ ಕೀಳಬ್ಯಾಡ."

ಅಷ್ಟರಲ್ಲಿ ಕೋಣೆಯಿಂದ ಸುಂದರಬಾಯಿ ಕೂಗುತ್ತಾರೆ: "ಲೇ ಬೀರ್ಯಾ, ನನ್ನ ಡಬ್ಬಿ ಮೊದಲಿನಂಗ ಇಡೋ! ಸೊಸೆಂದಿರ ಮಾತು ಕೇಳ್ಕೋತ ಹೊತ್ತು ಹೋಗ್ತಿತ್ತು ನಂದು."

ಸೊಸೆಯರಿಬ್ಬರೂ ಬಾಗಿಲಿಗೆ ಬಂದು ಮುಖಮುಖ ನೋಡಿಕೊಳ್ಳುತ್ತಾರೆ. ಬೀರಲಿಂಗಪ್ಪ ವಾಯರು ಕತ್ತರಿಸುವ ಪಕ್ಕಡ ಚೀಲಕ್ಕೆ ಹಾಕುತ್ತಾರೆ.

"ಆಗಂಗಿಲ್ಲ ಎವ್ವಾರ. ಹಾಡು ಎಷ್ಟು ಬೇಕಾದ್ರೂ ಕೊಡ್ತೇನಿ. ಮನ್ಯಾನ ಮಾತು ನನ್ನ ವಾಯರ್‌ನ್ಯಾಗ ಹೋಗಂಗಿಲ್ಲ."